ತವರಿನ ಕಾಗದ

ಆ ಚಿತ್ರದಲ್ಲಿ ಒಬ್ಬ ಹೆಂಗಸು ಕುದುರೆಯ ಮೇಲೆ ಕುಳಿತು ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದ್ದಳು. ಮೈಮೇಲೆ ಕೆಂಪು ನಿಲುವಂಗಿ, ತೋಳಿನಲ್ಲಿ ತಂತಿವಾದ್ಯ. ಆಕಾಶದಲ್ಲಿ ಒಂದು ಹೆಬ್ಬಾತು ಅವಳನ್ನೇ ನೋಡುತ್ತ, ರೆಕ್ಕೆ ಬಡಿಯುವುದನ್ನು ಮರೆತು ಕೆಳಗೆ ಬೀಳುತ್ತಿತ್ತು.

ನಮ್ಮೂರ ಪೇಟೆಬೀದಿಯಲ್ಲಿ ಸುಯಿಲಾನಮ್ಮ ಹೆಂಗಸರ ಕೂದಲು ಕತ್ತರಿಸಿ ಸಿಂಗರಿಸುವ ಅಂಗಡಿ ನಡೆಸುತ್ತಿದ್ದರು. ಅದರ ಗೋಡೆಯ ಮೇಲೆ ಇಂಥ ನಾಲ್ಕು ಚಿತ್ರಗಳಿದ್ದವು. ನಾಲ್ವರೂ ಚೀನದ ಹೆಸರಾಂತ ಚೆಲುವೆಯರು. ಒಬ್ಬಳನ್ನು ಕಂಡು ಮೀನುಗಳು ಈಜು ಮರೆತು ಮುಳುಗಿದವಂತೆ, ಒಬ್ಬಳನ್ನು ಕಂಡು ಚಂದ್ರ ಮೋಡದ ಮರೆಗೆ ಸರಿದನಂತೆ, ಮತ್ತೊಬ್ಬಳು ಮುಟ್ಟಿದ ಹೂವು ನಾಚಿ ಮುದುಡಿತಂತೆ. ನನ್ನ ಕಣ್ಣು ಮಾತ್ರ ಕುದುರೆಯವಳ ಮೇಲೇ ನಿಲ್ಲುತ್ತಿತ್ತು.

ಸುಯಿಲಾನಮ್ಮ ಹದಿನೇಳನೆಯ ವಯಸ್ಸಿಗೆ, ಹಲ್ಲಿನ ವೈದ್ಯನ ಹೆಂಡತಿಯಾಗಿ ಚೀನದಿಂದ ಹಡಗಿನಲ್ಲಿ ಬಂದವರು. ನಾನು ಕೆಲಸ ಕಲಿಯಲು ಸೇರಿದಾಗ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನನಗೂ ತಾಯಿ ಇರಲಿಲ್ಲ. ಮಧ್ಯಾಹ್ನ ತಮ್ಮ ತಟ್ಟೆಯ ಪಕ್ಕದಲ್ಲಿ ನನ್ನ ತಟ್ಟೆಯನ್ನೂ ಇಡುತ್ತಿದ್ದರು. ಅಷ್ಟಕ್ಕೇ ನಾನು ಅವರನ್ನು ಅಮ್ಮ ಎನ್ನತೊಡಗಿದ್ದೆ.

"ಇವಳು ಯಾಕಮ್ಮ ಹಿಂದೆ ನೋಡ್ತಿದಾಳೆ?" ಎಂದು ಒಂದು ದಿನ ಕೇಳಿದೆ.

"ದೇಶ ಬಿಟ್ಟು ಹೋಗ್ತಿದಾಳಲ್ಲ, ಅದಕ್ಕೆ. ಅರಮನೆ ಚಿತ್ರಕಾರನಿಗೆ ಲಂಚ ಕೊಡಲಿಲ್ಲ ಅಂತ ಅವನು ಇವಳನ್ನ ಕುರೂಪಿ ಮಾಡಿ ಬರೆದ. ರಾಜ ಚಿತ್ರ ನೋಡಿದ, ಮುಖ ನೋಡಲಿಲ್ಲ. ಉತ್ತರದ ದೊರೆಗೆ ಕೊಟ್ಟುಬಿಟ್ಟ. ಹೊರಡೋ ದಿನ ನೋಡಿ ಕೈ ಕೈ ಹಿಸುಕಿಕೊಂಡ."

"ಆಮೇಲೆ?"

"ಆಮೇಲಿನದನ್ನ ಯಾರೂ ಕೇಳಲ್ಲ. ಅಲ್ಲಿ ಗಂಡ ಸತ್ತ. ಊರಿಗೆ ಬರ್ತೀನಿ ಅಂತ ಅರಮನೆಗೆ ಬರೆದಳು. ಅಲ್ಲಿನ ಪದ್ಧತಿ ಪ್ರಕಾರ ಅಲ್ಲೇ ಇರು ಅಂತ ಉತ್ತರ ಬಂತು."

ಅವರು ಬಾಚಣಿಗೆ ತೊಳೆಯುತ್ತಿದ್ದರು. ಅದನ್ನು ಒರೆಸಿಡುತ್ತ ಹೇಳಿದರು: "ನನ್ನ ತಮ್ಮ ಹಾಗಲ್ಲ. ನಾನೂ ಊರಿಗೆ ಬರ್ತೀನಿ ಅಂತ ಬರೆದಿದೀನಿ."

ಅಂದಿನಿಂದ ಅಂಚೆಯವನ ನೆರಳು ಕಂಡರೂ ನಾನೇ ಮೊದಲು ಬಾಗಿಲಿಗೆ ಓಡುತ್ತಿದ್ದೆ. ಅವರು ಸಂತೆಗೆ ಹೋಗಿದ್ದ ಒಂದು ದಿನ ಆ ಕಾಗದ ನನ್ನ ಕೈಗೇ ಬಂತು. ಅಂಗಡಿಯ ವಿಳಾಸದ ಸುತ್ತೆಲ್ಲ ಚೀನೀ ಅಕ್ಷರಗಳು. ಅದನ್ನು ರವಿಕೆಯೊಳಗೆ ಸೇರಿಸಿ ಮನೆಗೆ ಒಯ್ದು, ಸತ್ತ ನನ್ನ ತಾಯಿಯ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟೆ.

ಅವರು ಕಾಯುತ್ತಲೇ ಇದ್ದರು, ಸಂತೋಷದಿಂದ. ತಮ್ಮನ ಮೊಮ್ಮಗುವಿಗೆ ನೀಲಿ ಅಂಗಿ ಹೊಲಿದರು. ಊರ ಹೊಳೆಯ ದಾರಿ, ಹಿತ್ತಲ ಬಾವಿ, ತಾಯಿ ಉಪ್ಪು ಹಾಕಿಡುತ್ತಿದ್ದ ಸಾಸಿವೆ ಸೊಪ್ಪು ಎಲ್ಲವನ್ನೂ ನನಗೆ ಹೇಳಿದರು. ಕೆಲಸವನ್ನು ಅವಸರದಿಂದ ಕಲಿಸಿದರು. ಕೊನೆಗೊಂದು ದಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ನಾನು ಹೋದ ಮೇಲೆ ಅಂಗಡಿ ನಿನ್ನದು ಮಗಳೇ" ಎಂದರು.

ನಾನು ಓಡಿಹೋಗಿ ಕಾಗದ ತಂದುಕೊಟ್ಟೆ.

ಅವರು ನಿಂತೇ ಓದಿದರು. ಮತ್ತೆ ಮೊದಲಿನಿಂದ ಓದಿದರು. "ಯಾವಾಗ ಬಂದಿದ್ದು?"

"ನಾಲ್ಕು ತಿಂಗಳಾಯ್ತು. ಕೊಟ್ಟರೆ ಹೊರಟುಹೋಗ್ತೀರಿ ಅಂತ..."

ಹೊಡೆಯುತ್ತಾರೆ ಅಂದುಕೊಂಡೆ. ಅವರು ಕಾಗದವನ್ನು ಮೊದಲಿನ ಗೆರೆಗಳ ಮೇಲೇ ಮಡಚಿದರು. "ಮನೇಲಿ ಜಾಗ ಇಲ್ಲವಂತೆ. ಇಷ್ಟು ವರ್ಷ ಇದ್ದೀಯಲ್ಲ, ಅಲ್ಲೇ ಇರು ಅಂದಿದಾನೆ."

ನಾನು ಅತ್ತೆ. ಅವರು ಅಳಲಿಲ್ಲ. "ನಾಲ್ಕು ತಿಂಗಳು ನಾನು ದಿನಾ ಊರಿಗೆ ಹೊರಡ್ತಾ ಇದ್ದೆ" ಎಂದರು. "ನೀನು ಕೊಟ್ಟಿದ್ದರೆ ಅದೂ ಇರ್ತಿರಲಿಲ್ಲ."

ಅದು ಕ್ಷಮೆಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ಅವರಿದ್ದಷ್ಟು ಕಾಲ ಕೇಳುವ ಧೈರ್ಯ ಬರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಅಂದು ಅವರು ಬಾಗಿಲು ಮುಂದೆ ಮಾಡಿ, ಗಿರಾಕಿಗಳ ಕುರ್ಚಿಯಲ್ಲಿ ಕುಳಿತು ತುರುಬು ಬಿಚ್ಚಿದರು. "ಬಾಚು" ಎಂದರು. ಅವರ ತಲೆಗೆ ನಾನು ಕೈಯಿಟ್ಟಿದ್ದು ಅದೇ ಮೊದಲು. ಬಿಳಿ ಬೆರೆತ ಕೂದಲು ಕುರ್ಚಿಯ ಬೆನ್ನು ದಾಟಿ ಇಳಿದಿತ್ತು. ತುದಿಗಳು ಒರಟಾಗಿ, ಕೆಂಚಗೆ ಸೀಳಿದ್ದವು. ರೂಢಿಯಂತೆ ಕತ್ತರಿಗೆ ಕೈ ಚಾಚಿದೆ. ಅವರು ಕನ್ನಡಿಯಲ್ಲಿ ನೋಡಿ ನನ್ನ ಮಣಿಕಟ್ಟು ಹಿಡಿದರು.

"ಅದನ್ನ ಕತ್ತರಿಸಬೇಡ. ಇಲ್ಲಿಗೆ ಬಂದ ಮೇಲೆ ಕತ್ತರಿ ಮುಟ್ಟಿಸಿಲ್ಲ. ಅದು ತವರಲ್ಲಿ ಬೆಳೆದ ಕೂದಲು."

ಕತ್ತರಿ ಕೆಳಗಿಟ್ಟೆ. ಆ ಒಣಗಿದ ತುದಿಗಳನ್ನು ಅಂಗೈಯಲ್ಲಿ ಹಿಡಿದು, ಒಂದೊಂದೇ ಸಿಕ್ಕು ಬಿಡಿಸುತ್ತ, ಅವರಿಗೆ ನೋವಾಗದ ಹಾಗೆ ಬಾಚತೊಡಗಿದೆ.