ಜಡೆಗೆ ಹೊರಟ ಮೋಟಾರ್ ಸೈಕಲ್

ಅಂಜನಾಪುರದ ಪರಮಶಿವಪ್ಪನ ಮೋಟಾರ್ ಸೈಕಲ್ಲು ಎತ್ತಿನ ಗಾಡಿಯ ಮೇಲೆ ಮಲಗಿಕೊಂಡು ಶಿಕಾರಿಪುರಕ್ಕೆ ಬಂದಾಗ ಬೆಳಿಗ್ಗೆ ಎಂಟೂವರೆ. ಸೊರಬದ ರಸ್ತೆಯ ಬಾಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮಿಲಿಟರಿ ತೋಟಪ್ಪ ಅದನ್ನು ಕಂಡವನೇ ಕೈಯಲ್ಲಿದ್ದ ಚಹದ ಲೋಟ ಕೆಳಗಿಟ್ಟ. ಈ ಮನುಷ್ಯ ಒಂದಲ್ಲ ಒಂದು ದಿನ ತನ್ನ ಬಾಗಿಲಿಗೆ ಬಂದೇ ಬರುತ್ತಾನೆ ಎಂದು ಅವನು, ಸೈನ್ಯ ಬಿಟ್ಟು ಬಂದು ಶೆಡ್ಡು ಹಾಕಿದ ಈ ಎರಡು ವರ್ಷವೂ ಕಾದಿದ್ದ. ಸುತ್ತ ಇಪ್ಪತ್ತು ಮೈಲಿಯಲ್ಲಿ ಮೋಟಾರ್ ಸೈಕಲ್ಲಿನ ಹೊಟ್ಟೆ ಬಿಚ್ಚಬಲ್ಲವನು ತೋಟಪ್ಪ ಒಬ್ಬನೇ. ಬರದೆ ಎಲ್ಲಿಗೆ ಹೋಗುತ್ತಾನೆ?

ಪೇಟೆಯಲ್ಲಿ ದೂರದಿಂದ ಕಂಡು ಕಂಡು ತೋಟಪ್ಪನಿಗೆ ಅವನ ಗುರುತು ಚೆನ್ನಾಗಿತ್ತು. ಅವನಿಗೆ ತೋಟಪ್ಪನ ಗುರುತಿರಲಿಲ್ಲ. ಇರುವುದಾದರೂ ಹೇಗೆ? ಅವತ್ತು ಬಂದಿದ್ದರೆ ತಾನೇ ಮುಖ ನೋಡುವುದು.

ಹದಿಮೂರು ವರ್ಷದ ಹಿಂದಿನ ಮಾತು. ತೋಟಪ್ಪನ ತಂಗಿ ಅಕ್ಕನಾಗಮ್ಮನನ್ನು ಪರಮಶಿವಪ್ಪನ ತಮ್ಮನಿಗೆ ಕೊಡುವುದೆಂದು ಮಾತಾಗಿತ್ತು. ಹೆಣ್ಣು ನೋಡಿ ಒಪ್ಪಿಕೊಂಡು ಹೋದವನು ಈ ಪರಮಶಿವಪ್ಪನೇ. ಆಗ ತೋಟಪ್ಪ ಸೈನ್ಯದ ವರ್ಕ್‌ಶಾಪಿನಲ್ಲಿ ಫಿಟ್ಟರು. ನಿಶ್ಚಯದ ದಿನಕ್ಕೆಂದು ರಜೆ ಹಾಕಿ ಬಂದು, ತೊಗರ್ಸಿಯ ಊರಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳಲು ಹಾರ ಹಿಡಿದು ನಿಂತಿದ್ದ. ಬೆಳಗು ದಾಟಿತು, ಮಧ್ಯಾಹ್ನ ದಾಟಿತು. ಮಾಡಿಟ್ಟ ಹೋಳಿಗೆಯನ್ನು ಸಂಜೆ ಓಣಿಯವರಿಗೆ ಹಂಚಿದರು. ಅಂಜನಾಪುರದಿಂದ ಒಂದು ನರಪಿಳ್ಳೆಯೂ ಬರಲಿಲ್ಲ, ಯಾಕೆ ಬರಲಿಲ್ಲ ಎಂಬ ಸುದ್ದಿಯೂ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ತಮ್ಮನಿಗೆ ರಾಣೆಬೆನ್ನೂರಿನ ದೊಡ್ಡ ಅಂಗಡಿಯವರ ಮಗಳನ್ನು ತಂದರು.

ಆಮೇಲೆ ಅಕ್ಕನಾಗಮ್ಮನನ್ನು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು. ಅವರು ಏನು ಐಬು ಕಂಡು ಬಿಟ್ಟರು? ಇಲ್ಲದ ಐಬನ್ನು ಎಲ್ಲಿಂದ ತೋರಿಸುವುದು? ಅಪ್ಪ ಅದೇ ಕೊರಗಿನಲ್ಲಿ ಹೋದ. ಅಕ್ಕನಾಗಮ್ಮನಿಗೆ ಈಗ ಮೂವತ್ತೆರಡು. ಅಣ್ಣನ ಶೆಡ್ಡಿನ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ತೋಟಪ್ಪನೂ ಮದುವೆಯಾಗಲಿಲ್ಲ. ತಂಗಿಯನ್ನು ಮೂಲೆಯಲ್ಲಿ ಕೂರಿಸಿ ತಾನು ಬಾಸಿಂಗ ಕಟ್ಟಿಕೊಳ್ಳುವ ಜಾತಿಯವನಲ್ಲ ಅವನು. ಹೊಟ್ಟೆಯೊಳಗೆ ಒಂದು ಕೆಂಡ ಇಟ್ಟುಕೊಂಡಿದ್ದ, ಅದನ್ನು ಮಾತ್ರ ಒಂದು ದಿನವೂ ಆರಲು ಬಿಟ್ಟಿರಲಿಲ್ಲ.

ಪರಮಶಿವಪ್ಪ ಜರಿ ಅಂಚಿನ ರುಮಾಲು ಸುತ್ತಿ, ಗರಿಗರಿ ಧೋತರ ಉಟ್ಟು, ಮದುವಣಿಗನ ಹಾಗೆ ಗಾಡಿಯಿಂದಿಳಿದ. ಕೈವಸ್ತ್ರ ಬಿಚ್ಚಿ ಒಂದು ಸ್ಕ್ರೂವಿನ ತಲೆ ತೋರಿಸಿದ. ಕಿಡಿ ಸರಿಯಾಗಿ ಹಾರುತ್ತಿಲ್ಲವೆಂದು, ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಮುಚ್ಚಳವನ್ನು ತಾನೇ ತೆಗೆದನಂತೆ. ಒಳಗೆ ಪಾಯಿಂಟನ್ನು ಬಿಗಿದಿಡುವ ಸ್ಕ್ರೂ ತುಕ್ಕು ಹಿಡಿದು ಕೂತಿತ್ತಂತೆ. ಇಕ್ಕಳ ಹಾಕಿ ಜೋರಿನಿಂದ ತಿರುವಿದ ಏಟಿಗೆ ತಲೆ ಕೈಗೆ ಬಂತು, ಮೈ ಒಳಗೇ ಉಳಿಯಿತು. ಪಾಯಿಂಟು ನಿಲ್ಲದಿದ್ದರೆ ಕಿಡಿಯಿಲ್ಲ, ಕಿಡಿಯಿಲ್ಲದಿದ್ದರೆ ಆ ಮೋಟಾರಿಗಿಂತ ಎತ್ತೇ ವಾಸಿ.

ಅವಸರ ಯಾಕೆಂದು ತೋಟಪ್ಪ ಕೇಳಲಿಲ್ಲ. ಪರಮಶಿವಪ್ಪ ತಾನಾಗಿಯೇ ಹೇಳಿಕೊಂಡ. ಜಡೆಯಲ್ಲಿ ಅಕ್ಕನ ಮಗಳಿಗೆ ಇವತ್ತು ನಿಶ್ಚಯ. ತಂದೆ ತೀರಿಕೊಂಡ ಹುಡುಗಿ. ಹಿಂದೆ ಒಂದು ಸಂಬಂಧ ಬಂದು ತಪ್ಪಿತ್ತು. ಈ ಗಂಡಿನವರು ಹಿರೇಕೆರೂರಿನವರು, ಬಲು ಬಿಗಿ ಮಂದಿ. ತಂದೆಯಿಲ್ಲದ ಮನೆಯಲ್ಲಿ ಹಿರಿಯ ಸೋದರಮಾವನ ಕೈಯಿಂದಲೇ ವೀಳ್ಯ ತೆಗೆದುಕೊಳ್ಳುತ್ತೇವೆ, ಹನ್ನೆರಡರೊಳಗೆ ಅವರು ಎದುರಿಗಿರದಿದ್ದರೆ ಎದ್ದು ಹೋಗುತ್ತೇವೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ಹೆಂಡತಿ ನಿನ್ನೆಯೇ ಬಸ್ಸಿನಲ್ಲಿ ಹೋಗಿದ್ದಳು. ಇವನು ಮಾತ್ರ ಬೀಗರ ಕಣ್ಣೆದುರು ಫಟಫಟಿಯಲ್ಲೇ ಇಳಿಯಬೇಕೆಂದು ಹಿಂದೆ ಉಳಿದಿದ್ದ.

ದೇವರು ಇಷ್ಟು ಸರಿಯಾಗಿ ತೂಗುತ್ತಾನೆಂದು ತೋಟಪ್ಪ ಎಣಿಸಿರಲಿಲ್ಲ.

ಒಂಬತ್ತೂವರೆಗೆ ಒಂದು ಬಸ್ಸಿದೆಯಲ್ಲ, ಅದಕ್ಕೇ ಹೋಗಲೇ ಎಂದು ಪರಮಶಿವಪ್ಪ ಕೇಳಿದ.

"ಅರ್ಧ ತಾಸಿನ ಕೆಲಸ ರೀ ಇದು," ಎಂದ ತೋಟಪ್ಪ. "ಫಟಫಟಿ ಇಟ್ಕೊಂಡು ನೀವು ಬಸ್ಸಿನ್ಯಾಗೆ ನುಗ್ಗಾಡ್ಕೊಂಡು ಹೋಗೋದೇ? ಬೀಗರು ಏನಂದಾರು?"

ಬಾಯಿಗೆ ಸಕ್ಕರೆ ಹಾಕಿದ ಹಾಗಾಯಿತು ಆ ಮನುಷ್ಯನಿಗೆ. ನಕ್ಕು, ಎಣ್ಣೆ ಡಬ್ಬಿಯ ಮೇಲೆ ಕೈವಸ್ತ್ರ ಹಾಸಿ ಕೂತ. "ಅದೂ ಖರೇನೇ ಬಿಡಪ್ಪಾ. ಬೇಗ ಮುಗಿಸು ಮತ್ತೆ."

ಸುಳ್ಳೂ ಅಲ್ಲ. ಮನಸ್ಸು ಮಾಡಿದ್ದರೆ ಅರ್ಧ ತಾಸೇ ಸಾಕಿತ್ತು. ತೋಟಪ್ಪ ಮನಸ್ಸು ಮಾಡಲಿಲ್ಲ. ಮುರಿದ ಜಾಗಕ್ಕೆ ಸೀಮೆಎಣ್ಣೆ ಬಿಟ್ಟು, ಇಳಿಯಲಿ ಎಂದು ಬೀಡಿ ಹಚ್ಚಿ ಕೂತ. ಒಂದು ಬೀಡಿ ಮುಗಿಸಿ ಇನ್ನೊಂದು ಹಚ್ಚಿದ. ಕೈ ಡ್ರಿಲ್ಲಿಗೆ ಸೂಜಿಯಷ್ಟು ಸಣ್ಣ ಮೊನೆ ಹುಡುಕಿದ, ಸಿಕ್ಕಿದ್ದನ್ನು ಮತ್ತೆ ಡಬ್ಬಿಗೆ ಹಾಕಿ ಮತ್ತೆ ಹುಡುಕಿದ. ಜಡೆಯ ಬಸ್ಸು ಧೂಳೆಬ್ಬಿಸಿಕೊಂಡು ಶೆಡ್ಡಿನ ಮುಂದೆ ಹಾದುಹೋದಾಗ ಪರಮಶಿವಪ್ಪ ಅರ್ಧ ಎದ್ದು ನಿಂತ. ಇನ್ನೇನು ಆಯಿತು ಎಂಬಂತೆ ತೋಟಪ್ಪ ಕೈ ಎತ್ತಿದ, ಅವನು ಕೂತ. ಇನ್ನು ಸಂಜೆಯವರೆಗೆ ಆ ಕಡೆಗೆ ಬಸ್ಸಿರಲಿಲ್ಲ.

ಬಸ್ಸು ಹೋದ ಮೇಲೆ ಪರಮಶಿವಪ್ಪನ ಬಾಯಲ್ಲಿ 'ಅಪ್ಪಾ' ಹೋಗಿ 'ತೋಟಪ್ಪನವರೇ' ಬಂತು. ಆ ಬಹುವಚನ ಕಿವಿಗೆ ಎಷ್ಟು ಹಿತವಾಗಿತ್ತು ಎಂದರೆ, ತೋಟಪ್ಪ ಇನ್ನೆರಡು ಸಲ ಅದನ್ನು ಹೇಳಿಸಿಕೊಂಡೇ ಡ್ರಿಲ್ಲು ಹಿಡಿದ.

ಮುರಿದ ಸ್ಕ್ರೂವಿನ ನಡುಮಧ್ಯೆ ತೂತು ಕೊರೆದು, ಕಬ್ಬಿಣ ಉಜ್ಜುವ ಸಣ್ಣ ಅರದ ಚೌಕ ಬಾಲವನ್ನು ಅದರಲ್ಲಿ ಹೊಡೆದು ಕೂರಿಸಿ, ಎಡಕ್ಕೆ ಮೆಲ್ಲಗೆ ತಿರುವಬೇಕು. ಸೈನ್ಯದಲ್ಲಿ ಇಂಥವನ್ನು ನೂರು ತೆಗೆದಿದ್ದ. ಹತ್ತೂವರೆಗೆ ಅರದ ಬಾಲ ಒಳಗೆ ಕೂತಿತು. ತೋಟಪ್ಪ ಹಿಡಿದು ತಿರುವಿದ. ಮೊದಲು ಮಿಸುಕಲಿಲ್ಲ. ಇನ್ನೊಂದು ಸಲ ತಿರುವಿದ. ಸಣ್ಣಗೆ ಕಿರ್ ಎಂದಿತು, ತುಕ್ಕು ಬಿಟ್ಟಿತು, ಸ್ಕ್ರೂ ಕಾಲು ಸುತ್ತು ಸರಾಗವಾಗಿ ತಿರುಗಿತು.

ಬಂದುಬಿಟ್ಟಿತ್ತು. ಇನ್ನು ಮೂರು ಸುತ್ತು ಸಾಕು. ಡಬ್ಬಿಯಲ್ಲಿ ಅದೇ ಅಳತೆಯ ಇನ್ನೊಂದು ಸ್ಕ್ರೂ ಇತ್ತು; ಹನ್ನೊಂದಕ್ಕೆ ಹೊರಟರೂ ಈ ಮನುಷ್ಯ ಹನ್ನೆರಡರೊಳಗೆ ಜಡೆ ಮುಟ್ಟುತ್ತಿದ್ದ. ಒಂದು ಗಳಿಗೆ ತೋಟಪ್ಪನ ಕೈ ತನ್ನ ಕಸುಬಿನ ಅಭ್ಯಾಸದಲ್ಲೇ ಮುಂದಕ್ಕೆ ಹೋಯಿತು. ಆಮೇಲೆ ತೊಗರ್ಸಿಯ ಊರಬಾಗಿಲಲ್ಲಿ ಕೈಯಲ್ಲೇ ಬಾಡಿದ ಹಾರ ನೆನಪಾಯಿತು. ಅವನು ಅರದ ಬಾಲವನ್ನು ಬಲಕ್ಕೆ ಹಿಂತಿರುಗಿಸಿ, ಹಲ್ಲು ಕಚ್ಚಿ, ಅಡ್ಡಡ್ಡ ಒತ್ತಿದ. ಚಟ್ಟೆಂದು ಒಳಗೇ ಮುರಿಯಿತು.

ಮೆತ್ತಗಿನ ಸ್ಕ್ರೂವಿನೊಳಗೆ ಈಗ ಹದ ಹಾಕಿದ ಉಕ್ಕು ಕೂತಿತ್ತು. ಯಾವ ಡ್ರಿಲ್ಲೂ ಅದಕ್ಕೆ ಹಲ್ಲು ಊರುವುದಿಲ್ಲ. ತೋಟಪ್ಪ ಎದ್ದು, ಕೈ ಒರೆಸಿಕೊಳ್ಳುತ್ತ, ಇನ್ನು ಇದನ್ನು ಇಲ್ಲಿ ತೆಗೆಯಲಾಗದು, ಶಿವಮೊಗ್ಗಕ್ಕೇ ಒಯ್ಯಬೇಕು ಎಂದು ಸಾವಕಾಶ ಹೇಳಿದ.

ಪರಮಶಿವಪ್ಪ ಗಾಡಿಯವನನ್ನು ಡಾಕ್ಟರ ಕಾರು ಕೇಳಲು ಓಡಿಸಿದ. ಕಾರು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋಗಿತ್ತು. ಅಕ್ಕಿ ಗಿರಣಿಯವರ ಲಾರಿ ಕೇಳಿಸಿದ, ಅದರ ಚಕ್ರ ಬಿಚ್ಚಿಟ್ಟಿದ್ದರು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಜರಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಕ್ಕನ ಮುಖ ಹೇಗೆ ನೋಡಲಿ, ಆ ಹುಡುಗಿಗೆ ಏನು ಹೇಳಲಿ ಎಂದು ಬಡಬಡಿಸತೊಡಗಿದ. ಬೋಳುತಲೆಯ ಮುದುಕನ ಹಾಗೆ ಕಂಡ. ತೋಟಪ್ಪ ಅದನ್ನು ಕಣ್ಣು ತುಂಬ ನೋಡಿದ. ಅವನಿಗೆ ಸುಖವಾಯಿತು, ಸುಳ್ಳು ಯಾಕೆ ಹೇಳಬೇಕು, ತುಂಬ ಸುಖವಾಯಿತು.

"ನಾನು ತೊಗರ್ಸಿಯವನು ರೀ," ಎಂದ. "ಅಕ್ಕನಾಗಮ್ಮನ ಅಣ್ಣ. ಅವತ್ತು ನಿಮ್ಮ ದಾರಿ ನೋಡ್ಕೊಂಡು ಸಂಜೀ ತನಕ ನಿಂತಿದ್ದೆ. ಇವತ್ತು ನಿಮ್ಮ ದಾರೀನ ಜಡೆಯವರು ನೋಡ್ಲಿ."

ಪರಮಶಿವಪ್ಪನ ಕಣ್ಣು ತೋಟಪ್ಪನ ಹೆಗಲಾಚೆ ಹೋಯಿತು. ಹಿಂಬಾಗಿಲಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ಅಕ್ಕನಾಗಮ್ಮ ನಿಂತಿದ್ದಳು. ಬಂದವರಿಗೆ ಬಾಯಾರಿಕೆಗೆ ಕೊಡಲೆಂದು ತಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ತೋಟಪ್ಪ ಹಿಗ್ಗಿದ. ಇವಳು ಕಣ್ಣಾರೆ ಕಾಣಲೆಂದೇ ಅಲ್ಲವೇ ಇಷ್ಟೆಲ್ಲ. ಅವಳು ಮಾತ್ರ ಆ ಮನುಷ್ಯನ ಕಡೆ ನೋಡದೆ ಮೋಟಾರ್ ಸೈಕಲ್ಲಿನ ಬಳಿ ಬಂದು ಬಗ್ಗಿ ನೋಡಿದಳು. ಎರಡು ವರ್ಷ ಅಣ್ಣನ ಕೆಲಸ ನೋಡಿದವಳು, ಅರದ ಬಾಲ ಸುಮ್ಮನೆ ಹಾಗೆ ಮುರಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಸ್ಕ್ರೂ ಬರುತ್ತಿತ್ತೇ ಎಂದು ಕೇಳಿದಳು.

"ಬಂದಿತ್ತು," ಎಂದ ತೋಟಪ್ಪ, ಎದೆ ಎತ್ತಿ. "ಕಾಲು ಸುತ್ತು ತಿರುಗಿತ್ತು. ನಾನೇ ಮುರಿದೆ. ನಿನಗೋಸ್ಕರ ತಂಗೀ."

ಅಕ್ಕನಾಗಮ್ಮ ತಂಬಿಗೆಯನ್ನು ಪರಮಶಿವಪ್ಪನ ಮುಂದೆ ಇಟ್ಟು, ಜಡೆಯ ಹುಡುಗಿಯ ಹೆಸರೇನು ಎಂದು ಕೇಳಿದಳು. ನೀಲಾಂಬಿಕ ಎಂದ ಅವನು. ಎಷ್ಟು ವಯಸ್ಸು ಎಂದು ಕೇಳಿದಳು. ಹತ್ತೊಂಬತ್ತು ಎಂದ. ಅವಳು ತಲೆಯಾಡಿಸಿದಳು. ಅವತ್ತು ಹೋಳಿಗೆ ಹಂಚಿದಾಗ ಇವಳಿಗೂ ಅಷ್ಟೇ ವಯಸ್ಸಾಗಿತ್ತು.

ಅಕ್ಕಿ ಗಿರಣಿಯಲ್ಲಿ ಹನ್ನೆರಡರ ಗಂಟೆ ಹೊಡೆದರು. ಪರಮಶಿವಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅಳುತ್ತಲೇ ಕೈ ಜೋಡಿಸಿ ಅವಳ ಕಡೆ ತಿರುಗಿದ.

"ತಪ್ಪಾಯ್ತವ್ವಾ. ದುಡ್ಡಿನ ಮನೆ ಸಿಕ್ತು ಅಂತ ನಿಮ್ಮನ್ನು ಬಿಟ್ವಿ. ಇವತ್ತಿಗೆ ಸಮ ಆಯ್ತಲ್ಲ?"

ಹೌದೆಂದು ಅವಳು ಹೇಳಲಿ ಎಂದು ತೋಟಪ್ಪ ಕಾದ. ಆ ಒಂದು ಮಾತಿಗಾಗಿ ಅವನು ಹದಿಮೂರು ವರ್ಷ ಸವೆಸಿದ್ದ.

ಅಕ್ಕನಾಗಮ್ಮ ಉತ್ತರ ಕೊಟ್ಟದ್ದು ಕೇಳಿದವನಿಗಲ್ಲ, ಅಣ್ಣನಿಗೆ.

"ಇಷ್ಟು ದಿನ ನಾನೊಬ್ಬಳೇ ಇದ್ದೆ ಅಣ್ಣ," ಎಂದಳು. "ಇವತ್ತಿಂದ ಇಬ್ರಾದ್ವಿ. ಇನ್ನೊಬ್ಬಳನ್ನ ಹಿಂಗ್ ಮಾಡಿದವ ನೀನು."