ಕುರುಡು ಮೀನಿಗೆ ಶಾಲು

ಕೊಡದ ತಳದಲ್ಲಿ ಕೆಂಪು ನೂಲಿನ ಎಳೆಯಂಥದ್ದೇನೋ ಅಲುಗಿತು. ಬಗ್ಗಿ ನೋಡಿದೆ. ಬೆರಳುದ್ದದ ಮೀನು, ಕಣ್ಣಿರಬೇಕಾದ ಕಡೆ ಬರಿಯ ಚರ್ಮ.

ಆ ಊರಿಗೆ ನಾನು ಹೊಸಬ. ಬಾಡಿಗೆ ಮನೆಯ ಹಿತ್ತಲ ಬಾವಿಯನ್ನು ಬಿಟ್ಟರೆ ನನ್ನೊಡನೆ ಮಾತಾಡುವವರಿರಲಿಲ್ಲ. ಬಾವಿಯಾದರೂ ನಾನಂದದ್ದನ್ನೇ ತಿರುಗಿ ಹೇಳುತ್ತಿತ್ತು.

ನೆಲದಡಿಯ ಕಲ್ಲಿನ ಸಂದುಗಳಲ್ಲಿ, ಕತ್ತಲಲ್ಲೇ ಬದುಕುವ ಇಂಥ ಮೀನುಗಳ ಬಗ್ಗೆ ಓದಿದ್ದೆ. ಗಾಜಿನ ಜಾಡಿಗೆ ಹಾಕಿ ಒಂದು ಗಳಿಗೆ ನೋಡಿ, ಮತ್ತೆ ಬಾವಿಗೆ ಬಿಡುವವನಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಜಲಜಕ್ಕ ಕರಿಬೇವು ಕೇಳಲು ಬಂದರು.

"ಅಯ್ಯೋ, ಹುಳ! ಚೆಲ್ಲಿಬಿಡಿ."

"ಹುಳ ಅಲ್ಲಕ್ಕಾ, ಮೀನು. ಬಹಳ ಅಪರೂಪದ್ದು."

ಕರಿಬೇವು ಒಗ್ಗರಣೆಗೆ ಬೀಳುವ ಮೊದಲೇ ಸುದ್ದಿ ಊರಿನ ಸಂಘದ ಅಧ್ಯಕ್ಷ ವೆಂಕಪ್ಪಯ್ಯನವರನ್ನು ಮುಟ್ಟಿತು. ಸನ್ಮಾನಕ್ಕೆ ಯೋಗ್ಯರಾದವರೆಲ್ಲ ಆ ಊರಲ್ಲಿ ಮುಗಿದಿದ್ದರು. ಕೆಲವರಿಗೆ ಎರಡನೆಯ ಸುತ್ತೂ ಆಗಿತ್ತು.

"ಹೇಗೂ ಸಂಜೆ ಕಾರ್ಯಕ್ರಮ ಇದೆ. ಮೀನಿಗೇ ಸನ್ಮಾನ ಮಾಡೋಣ," ಎನ್ನುತ್ತಲೇ ಅವರು ನನ್ನ ಹಿತ್ತಲಿಗೆ ಬಂದರು.

"ಅದಕ್ಕೆ ಬೆಳಕು ಆಗಿಬರೋಲ್ಲ ಸ್ವಾಮಿ. ಬಾವಿಗೆ ಬಿಟ್ಟರೆ ಅದೇ ಸನ್ಮಾನ."

"ಕಣ್ಣೇ ಇಲ್ಲ ಅಂದಮೇಲೆ ಬೆಳಕು ಏನು ಮಾಡುತ್ತೆ? ನೀವೊಬ್ಬರು!" ಎಂದು ಜಾಡಿಯನ್ನು ತಾವೇ ಎತ್ತಿಕೊಂಡು ನಡೆದರು. ನಾನು ಹಿಂದೆಯೇ ಹೋದೆ.

ವೇದಿಕೆಯ ದೀಪಗಳ ಕೆಳಗೆ ಮೀನು ಗಾಜಿಗೆ ಮೂತಿ ಬಡಿದುಕೊಳ್ಳುತ್ತಿತ್ತು. ವೆಂಕಪ್ಪಯ್ಯ ಜೀವವೈವಿಧ್ಯದ ರಕ್ಷಣೆಯ ಬಗ್ಗೆ ಗಂಟಲು ಕಟ್ಟುವವರೆಗೆ ಮಾತಾಡಿದರು. ಹಾರ ಜಾಡಿಗೆ ದೊಡ್ಡದಾಯಿತೆಂದು ನನ್ನ ಕೊರಳಿಗೆ ಬಿತ್ತು. ಶಾಲನ್ನು ಮಾತ್ರ ಜಾಡಿಗೇ ಹೊದಿಸಿದರು. ಒಳಗಿನ ಬಡಿತ ನಿಂತಿತು. ಗಾಬರಿಯಿಂದ ಅಂಚು ಸರಿಸಿ ನೋಡಿದೆ. ಮೀನು ಕತ್ತಲಿಗೆ ಮರಳಿ ನೆಮ್ಮದಿಯಾಗಿತ್ತು. ಸನ್ಮಾನದ ಶಾಲು ಯಾರಿಗಾದರೂ ಉಪಯೋಗವಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಜಾಡಿಯನ್ನು ಎದೆಗವಚಿಕೊಂಡು ಹಿತ್ತಲಿಗೆ ಬಂದೆ. ಬಾವಿಕಟ್ಟೆಯ ಮೇಲೆ ಬಿಳಿಯ ಪುಡಿ ಚೆಲ್ಲಿತ್ತು. ಮೂಗು ಉರಿಯಿತು.

"ಮೀನಿನ ಬಾವಿ ನೋಡೋಕೆ ಜನ ಬರ್ತಾರಲ್ಲಾ ಅಂತ ಸಂಘದವರು ಚೊಕ್ಕಟ ಮಾಡಿಸಿದ್ರು," ಎಂದರು ಬೇಲಿಯಾಚೆಯಿಂದ ಜಲಜಕ್ಕ. "ಡಬ್ಬಿ ಪೂರ್ತಿ ಬ್ಲೀಚಿಂಗ್ ಪುಡಿ. ಎಷ್ಟು ಹುಳ ತೇಲಿದ್ವು ಅಂತೀರಿ, ಕೆಂಪು ಕೆಂಪಗೆ! ಈಗ ನೋಡಿ, ಒಂದೂ ಇಲ್ಲ."

ನಾನು ಬಾವಿಗೆ ಬಗ್ಗಿದೆ. ಹೇಳಲು ಏನೂ ತೋಚಲಿಲ್ಲ, ಬಾವಿಯೂ ಸುಮ್ಮನಿತ್ತು.

ಕಿಟಕಿಯಿಲ್ಲದ ಉಗ್ರಾಣದಲ್ಲಿ ಜಾಡಿಯನ್ನಿಟ್ಟೆ. ದಿನವೂ ಸಂಜೆ ಬಾಗಿಲು ಮುಚ್ಚಿ, ದೀಪ ಹಚ್ಚದೆ, ಶಾಲು ಸರಿಸಿ ನೀರಿಗೆ ಬೆರಳಿಳಿಸಿ ಕೂರುತ್ತಿದ್ದೆ. ಬಹಳ ಹೊತ್ತಿನ ಮೇಲೆ, ಕತ್ತಲಲ್ಲಿ, ನೂಲಿನ ಎಳೆಯೊಂದು ಬೆರಳಿಗೆ ತಾಗಿ ಸರಿದುಹೋಗುತ್ತಿತ್ತು.