ಬೇಕಂತಲೇ ಮಾಡಿದ್ದು

೧

ಎಲ್ಲಿಂದ ಶುರು ಮಾಡಲಿ? ಕೆಮಿಸ್ಟ್ರಿ ಮೇಡಂ ಕೈಯಲ್ಲಿ ನೀರಿನ ಜಗ್ಗು ಇದೆ, ಎದುರಿನ ಬೀಕರಿನಲ್ಲಿ ಗಾಢ ಆಸಿಡ್ ಇದೆ. ಇಲ್ಲಿಂದ ಶುರು ಮಾಡಿದರೆ ನಿಮಗೆ ಗಾಬರಿ; ಮೇಡಂ ಬಾಲ್ಯದಿಂದ ಶುರು ಮಾಡಿದರೆ ಆಕಳಿಕೆ. ಗಾಬರಿಯೇ ಇರಲಿ.

(ಆಸಿಡ್ಡನ್ನು ನೀರಿಗೆ ಹಾಕಬೇಕು, ನಿಧಾನವಾಗಿ. ನೀರನ್ನು ಆಸಿಡ್ಡಿಗೆ ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಲ್ಯಾಬಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಬರೆಸಿದ್ದು ಇದೇ ಮೇಡಂ.)

೨

ಹಾಗಾದರೆ ಮಕ್ಕಳು ಯಾಕೆ ಸುಮ್ಮನಿದ್ದಾರೆ? ಮೇಡಂ ಅವರದೊಂದು ಪದ್ಧತಿ ಇದೆ. ಪಾಠದ ನಡುವೆ ಬೇಕೆಂದೇ ಒಂದು ತಪ್ಪು ಮಾಡುವುದು, ಯಾರು ಹಿಡಿಯುತ್ತಾರೋ ನೋಡುವುದು. ಹಿಡಿದವರಿಗೆ "ಭೇಷ್! ಬೇಕಂತಲೇ ಮಾಡಿದ್ದು" ಎನ್ನುವುದು. ಮಕ್ಕಳಿಗೆ ಭಾರಿ ಖುಷಿ. ಬರಬರುತ್ತಾ ನಿಜವಾಗಿ ತಪ್ಪಿದಾಗಲೂ ಮೇಡಂಗೆ ಅದೇ ಮಾತು ಒದಗಿಬಂತು. ಮರ್ಯಾದೆಯೂ ಉಳಿಯಿತು, ಪಾಠವೂ ಸಾಗಿತು. (ಇದನ್ನು ನಾನು ಈಗಲೇ ಹೇಳಬಾರದಿತ್ತು. ನನ್ನ ಬಾಯಿಗೆ ಬೀಗವಿಲ್ಲ.)

ಇವತ್ತಿನ ನಾಟಕ ಇದೇ ಅಂದುಕೊಂಡು ಕ್ಲಾಸೆಲ್ಲ ಮುಸಿಮುಸಿ ನಗುತ್ತಿದೆ. ಜಗ್ಗು ಬಾಗುತ್ತಿದೆ.

೩ (ಹರಿದುಹಾಕಿದ ಡ್ರಾಫ್ಟ್)

ಆಸ್ಪತ್ರೆಯಲ್ಲಿರುವ ತಾಯಿಯ ಚಿಂತೆಯಲ್ಲಿ ಮೇಡಂ ನಿದ್ದೆಗೆಟ್ಟು...

"ನಮ್ಮಮ್ಮನ್ನ ಯಾಕ್ರೀ ಮಲಗಿಸ್ತೀರ? ಗುಂಡುಕಲ್ಲಿನ ಹಾಗಿದ್ದಾರೆ!" ಎಂದು ಮೇಡಂ ನನ್ನ ಮೇಲೆ ಸಿಡುಕಿದರು.

"ತಪ್ಪಿಗೊಂದು ಕಾರಣ ಬೇಡ್ವಾ, ಮೇಡಂ?"

"ಮೈಮರೆತೆ. ಅಷ್ಟೇ. ಬರ್ಕೊಳ್ಳಿ."

ಓದುಗರು ಒಪ್ಪುವುದಿಲ್ಲ ಎಂದೆ. ಆದರೆ ವಾದಕ್ಕೆ ಪುರುಸೊತ್ತು ಎಲ್ಲಿದೆ?

೪

ನೀರು ಬಿತ್ತು. ಬೀಕರು ಚುರ್ ಎಂದಿತು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಗೆಳತಿಯರು 'ಲಾಯರಮ್ಮ' ಎಂದು ಹೆಸರಿಟ್ಟ ಹುಡುಗಿ ಹಿಂದಿನ ಬೆಂಚಿನಿಂದ ಕಿರುಚಿದಳು: "ಮೇಡಂ, ಬೇಡ! ಹಿಂದೆ ಬನ್ನಿ!"

ಮೇಡಂ ಹಿಂದಕ್ಕೆ ಹಾರಿದರು. ಕೋಟಿನ ತೋಳಿನಲ್ಲಿ ಬಟಾಣಿಯಷ್ಟು ತೂತು. ಕೈ ಉಳಿಯಿತು, ಮುಖ ಉಳಿಯಿತು.

ಕ್ಲಾಸು ಚಪ್ಪಾಳೆ ತಟ್ಟಿತು. ಅಯ್ಯೋ ದೇವರೇ, ಚಪ್ಪಾಳೆ! "ಸೂಪರ್ ಮೇಡಂ, ಇವತ್ತಿಂದು ಸಖತ್ತಾಗಿತ್ತು!"

ಲಾಯರಮ್ಮ ಮಾತ್ರ ತಟ್ಟಲಿಲ್ಲ.

೫

ಮುಕ್ತಾಯ ಒಂದು: "ಭೇಷ್! ಬೇಕಂತಲೇ ಮಾಡಿದ್ದು." ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಾರೆ. ಮುಂದಿನ ಸಲ ಯಾರೂ ಕಿರುಚುವುದಿಲ್ಲ.

ಮುಕ್ತಾಯ ಎರಡು: ಮೇಡಂ ಸತ್ಯ ಹೇಳುತ್ತಾರೆ, ಮಕ್ಕಳು ಕಣ್ಣೀರಿಟ್ಟು ಓಡಿಬಂದು ಅಪ್ಪಿಕೊಳ್ಳುತ್ತಾರೆ.

"ಥೂ," ಎಂದಳು ಲಾಯರಮ್ಮ. "ನಾವ್ಯಾಕೆ ಅಪ್ಕೋಬೇಕು?"

ಸರಿ ತಾಯಿ, ಹೊಡೆದುಹಾಕಿದೆ. ಮೂರನೆಯದನ್ನು ಯೋಚಿಸುವಷ್ಟರಲ್ಲಿ, ನನ್ನ ಅಪ್ಪಣೆಗೂ ಕಾಯದೆ, ಮೇಡಂ ಬಾಯಿ ತೆರೆದರು.

"ಇದು ಬೇಕಂತ ಮಾಡಿದ್ದಲ್ಲ. ನಿಜವಾಗ್ಲೂ ತಪ್ಪು ಮಾಡ್ದೆ. ಅವಳು ಕೂಗದೇ ಇದ್ದಿದ್ರೆ ನನ್ನ ಮುಖ ಸುಟ್ಟುಹೋಗ್ತಿತ್ತು."

ಚಪ್ಪಾಳೆ ನಿಂತಿತು. ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಾಗಾದ್ರೆ ಹಿಂದಿನವು?" ಲಾಯರಮ್ಮನ ಪಾಟೀಸವಾಲು. "ಅವೆಲ್ಲಾ ಬೇಕಂತಲೇ ಮಾಡಿದ್ದಾ?"

ಮೇಡಂ ನನ್ನ ಕಡೆ ನೋಡಿದರು. ಒಂದು 'ಹೌದು' ಬರೆದುಬಿಡಲೇ? ಎರಡಕ್ಷರದ ಕೆಲಸ. ಸುಳ್ಳೇಕೆ, ನನಗೇ ಭಯವಾಗಿತ್ತು. ಈ ಮಕ್ಕಳು ಇನ್ನು ಅವರ ಒಂದು ಮಾತನ್ನೂ ನಂಬದಿದ್ದರೆ? ಬೇಡ ಎಂಬಂತೆ ಮೇಡಂ ತಲೆಯಾಡಿಸಿದರು.

"ಇಲ್ಲ. ಎಷ್ಟೋ ಸಲ ನಿಜವಾಗ್ಲೂ ತಪ್ಪಿದ್ದೆ. ನಾಚ್ಕೆ ಆಗಿ ಮುಚ್ಚಿಟ್ಟೆ."

೬

ಮೇಡಂ ಹೊಸ ಬೀಕರಿಗೆ ನೀರು ಹಾಕಿ ಆಸಿಡ್ ಬಾಟಲಿ ಎತ್ತಿಕೊಂಡರು. ತೂತು ಬಿದ್ದ ತೋಳನ್ನು ಮುಚ್ಚಿಡಲಿಲ್ಲ. ಲಾಯರಮ್ಮ ಕೈಗವಸು ಹಾಕಿಕೊಂಡು ಬಂದು ಅವರ ಪಕ್ಕದಲ್ಲೇ ನಿಂತಳು.

ನಂಬಿಕೆ ಬಂತೆಂದೋ? ಮತ್ತೆ ತಪ್ಪಿದರೆ ತಡೆಯಲೆಂದೋ? ಮುಕ್ತಾಯಕ್ಕೆ ಬೇಕಿತ್ತು, ಕೇಳಿಯೇಬಿಟ್ಟೆ.

"ಸಾರ್," ಎಂದಳು, ಬೀಕರಿನಿಂದ ಕಣ್ಣು ಕೀಳದೆ, "ಸ್ವಲ್ಪ ಸುಮ್ನಿರಿ. ಮೇಡಂ ಸುರೀತಿದ್ದಾರೆ."